ಉಚ್ಚಾರದೋಷ ಯಾವುದು?

ಚಾಮರಾಜನಗರ ಸೀಮೆಯ ಉಡಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆ ಹೋಗಿದ್ದೆ. ಅವರ ಆರು ವರ್ಷದ ಮಗ ಲೋಟವನ್ನು ಮುಂದಿಟ್ಟು “ಆಲು ತುಡಿ, ತಾತ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ತಂದೆಗೆ ಮಾತ್ರ ನಗು ಬರಲಿಲ್ಲ. “ಇಂಗ್ಲಿಷ್ ಶಾಲೆಗೆ ಸೇರಿಸಿದ್ದೀನಿ ಮೇಷ್ಟ್ರೇ, ‘ತ್ರೀ’ ಅಂತಾನಂತೆ, ನಾಲಗೆಯೇ ಹೊರಳೋಲ್ಲವಂತೆ” ಎಂದು ಕೊರಗಿದರು.

ಹುಡುಗನ ಆ ಪುಟ್ಟ ಮಾತಿನಲ್ಲಿ ಎರಡು ಬೇರೆ ಸಂಗತಿಗಳಿದ್ದುವು. ‘ಆಲು’ ದೋಷವಲ್ಲ. ಆ ಭಾಗದ ಹಳ್ಳಿಗಳ ಆಡುನುಡಿಯಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದು ವಾಡಿಕೆ. ಮಗು ಸುತ್ತಲಿನವರಂತೆ ಆಡಿತು, ಅಷ್ಟೆ. ಹಳಗನ್ನಡದ ‘ಪಾಲ್’ ಮುಂದೆ ‘ಹಾಲು’ ಆದುದನ್ನು ಭಾಷೆಯ ಸಹಜ ಬೆಳವಣಿಗೆಯೆಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಅದೇ ಹಾಲು ಮತ್ತೊಂದು ಹೆಜ್ಜೆಯಿಟ್ಟು ‘ಆಲು’ ಆದಾಗ ನಗುವ ಅಧಿಕಾರವನ್ನು ನನಗೆ ಯಾರು ಕೊಟ್ಟರು?

‘ತ್ರೀ’ ಎಂಬುದೂ ರೋಗವಲ್ಲ. ಇಂಗ್ಲಿಷಿನ ಆ ಧ್ವನಿಗೆ ನಾಲಗೆಯ ತುದಿ ಹಲ್ಲುಗಳ ನಡುವೆ ನಿಂತು, ಉಸಿರು ಸಂದಿನಿಂದ ಜಾರಬೇಕು. ನಾವು ಉಸಿರನ್ನು ತಡೆದು ಬಿಡುತ್ತೇವೆ. ಕನ್ನಡದಲ್ಲಿ ಅಂಥ ಧ್ವನಿಯೇ ಇಲ್ಲ. ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ ಅದು ತಡವಾಗಿಯೇ ಒಲಿಯುತ್ತದೆ.

‘ತುಡಿ’ ಮಾತ್ರ ಬೇರೆ. ಕಕಾರಕ್ಕೆ ನಾಲಗೆಯ ಹಿಂಭಾಗ ಮೇಲೇಳಬೇಕು; ಈ ಹುಡುಗನಲ್ಲಿ ತುದಿಯೇ ಮುನ್ನುಗ್ಗುತ್ತದೆ. ಕಾಗೆ ‘ತಾದೆ’ಯಾಗುತ್ತದೆ, ಗಾಡಿ ‘ದಾಡಿ’ಯಾಗುತ್ತದೆ. ಎರಡು ವರ್ಷದ ಮಗುವಿನಲ್ಲಿ ಇದು ಮುದ್ದು. ಆರನೆಯ ವರ್ಷದಲ್ಲೂ ಉಳಿದರೆ ಬಲ್ಲವರಿಗೆ ತೋರಿಸಬೇಕು. ಇದು ನನಗೂ ಆಗ ಹೊಳೆಯಲಿಲ್ಲ. ಮರುವರ್ಷ ಹೋದಾಗ ಹುಡುಗ ಲೋಟವನ್ನಿಟ್ಟು, ಮಾತಾಡದೆ ಒಳಗೆ ಹೋದ. ತರಗತಿಯಲ್ಲೂ ಬಾಯಿ ಬಿಡುತ್ತಿರಲಿಲ್ಲವಂತೆ. ಕೇಳುಗರಲ್ಲಿ ಅಧ್ಯಾಪಕರಿದ್ದರೆ ಅಂಥ ಮೌನವನ್ನು ಅವರೂ ಕಂಡಿರಬಹುದು.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೇ ಸ್ಥಾಪನೆಯಾಗಿದೆ, ಈಗ ಮಾನಸಗಂಗೋತ್ರಿಯಲ್ಲಿದೆ. ಅಲ್ಲಿಗೆ ಕರೆದೊಯ್ಯಿರೆಂದೆ. ಇಂಥ ಚಿಕಿತ್ಸೆಯಲ್ಲಿ ಮೊದಲು ಕಿವಿಯ ಪರೀಕ್ಷೆ. ಕೇಳದ ಧ್ವನಿಯನ್ನು ಆಡುವುದೆಂತು? ಬಳಿಕ ಅಂಗುಳ, ನಾಲಗೆಗಳನ್ನು ನೋಡುತ್ತಾರೆ. ‘ಕಡಿ’, ‘ತಡಿ’ಗಳ ಭೇದವನ್ನು ಮಗು ಮೊದಲು ಕಿವಿಯಿಂದ ಗುರುತಿಸಬೇಕು. ನಾಲಗೆಯ ತುದಿಯನ್ನು ಮೆಲ್ಲನೆ ಕೆಳಗೊತ್ತಿ ಹಿಡಿದು, ಹಿಂಭಾಗ ಏಳುವಂತೆ ಮಾಡುವುದೂ ಉಂಟು. ಬರಿಯ ಅಕ್ಷರ, ಆಮೇಲೆ ಪದ, ವಾಕ್ಯ, ಕೊನೆಗೆ ಮನೆಯ ಮಾತು. ಇದನ್ನೆಲ್ಲ ಕನ್ನಡದಲ್ಲಿಯೇ ಕಲಿಸಬಹುದು. ಇಂಗ್ಲಿಷಿನ ‘ಕ್ಯಾಟ್’ಗೂ ನಾಲಗೆ ಏಳಬೇಕಾದುದು ಹಾಗೆಯೇ.

ಈಗ ಹುಡುಗ ನಿಧಾನಿಸಿದರೆ ‘ಕುಡಿ’ ಎನ್ನುತ್ತಾನೆ, ಅವಸರದಲ್ಲಿ ‘ತುಡಿ’ಯೇ. ತಂದೆ ವಾರಕ್ಕೊಂದು ದಿನ ಕೆಲಸ ಬಿಟ್ಟು ಅವನೊಡನೆ ಮೈಸೂರಿನ ಬಸ್ಸು ಹತ್ತುತ್ತಾರೆ. ‘ಆಲು’ ಹಾಗೆಯೇ ಇದೆ.