ವೇಷ ಬೇರೆ, ಕೋಲ ಬೇರೆ: ಕೋಟಿ ಚೆನ್ನಯರು ತೆರೆಗೆ ಬರುವಾಗ

(ಕರಾವಳಿಯ ವೀರರ ಕಥೆಗಳನ್ನು ಸಿನಿಮಾಕ್ಕೆ ಅಳವಡಿಸುವ ಬಗೆಗಿನ ಉಪನ್ಯಾಸದ ಬರಹರೂಪ)



ವೀರನೊಬ್ಬನ ಕಥೆಯನ್ನು ಸಿನಿಮಾ ಮಾಡಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ‘ಪಾತ್ರಕ್ಕೆ ಯಾರು?’ ಎಂಬುದು. ಎತ್ತರ ಎಷ್ಟಿರಬೇಕು, ಮೀಸೆ ಹೇಗಿರಬೇಕು, ಹೆಸರು ಮಾಡಿದ ನಟ ಬೇಕೇ, ಹೊಸಬ ಸಾಕೇ ಎಂಬ ಲೆಕ್ಕಾಚಾರ ಆಮೇಲೆ ಶುರುವಾಗುತ್ತದೆ. ರಾಮನದೋ ಕೃಷ್ಣನದೋ ಕಥೆಯಾದರೆ ಈ ಪ್ರಶ್ನೆ ಅಷ್ಟು ಭಾರವಾದದ್ದಲ್ಲ. ಒಬ್ಬ ನಟ ಒಪ್ಪದಿದ್ದರೆ ನಾಲ್ಕು ವರ್ಷಗಳಲ್ಲಿ ಇನ್ನೊಬ್ಬ ಬರುತ್ತಾನೆ. ದೇಶಕ್ಕೆಲ್ಲ ಗೊತ್ತಿರುವ ಕಥೆ ಹಾಗೇ ಉಳಿಯುತ್ತದೆ. ಆದರೆ ಒಂದು ಸಣ್ಣ ಸೀಮೆಯ, ಒಂದು ಸಮುದಾಯದ ವೀರನು ತೆರೆಗೆ ಬರುವುದು ತಲೆಮಾರಿಗೊಮ್ಮೆ. ಹೊರಗಿನವರು ಅವನನ್ನು ನೋಡುವುದೇ ಅಲ್ಲಿ, ಮೊದಲ ಬಾರಿಗೆ. ಆಗ ಕೊಟ್ಟ ಮುಖವೇ ಅವನ ಮುಖವಾಗುತ್ತದೆ, ಆಗ ಬಿಟ್ಟ ಮಾತು ಬಿಟ್ಟೇ ಹೋಗುತ್ತದೆ.

ತುಳುನಾಡಿನ ಕೋಟಿ ಚೆನ್ನಯರು ಇಂಥ ವೀರರು. ಉಡುಪಿ, ಕಾಪು, ಕಾರ್ಕಳದ ಕಡೆ ಅವರನ್ನು ಪರಿಚಯಿಸಬೇಕಾಗಿಲ್ಲ. ಊರೂರಿನ ಗರಡಿಗಳಲ್ಲಿ ‘ಬೈದೆರ್ಲು’ ಎಂಬ ಹೆಸರಿನಿಂದ ಅವರಿಗೆ ಪೂಜೆಯಿದೆ, ವರ್ಷಾವಧಿ ನೇಮವಿದೆ. ಆದರೆ ಮಣಿಪಾಲಕ್ಕೆ ಓದಲು ಬರುವ ದೂರದೂರಿನ ವಿದ್ಯಾರ್ಥಿಯೊಬ್ಬನನ್ನು ಕೇಳಿದರೆ ಅವನಿಗೆ ಸೂಪರ್‌ಮ್ಯಾನ್ ಗೊತ್ತು, ಕೋಟಿ ಚೆನ್ನಯರು ಗೊತ್ತಿಲ್ಲ. ಘಟ್ಟದ ಮೇಲಿನ ಕನ್ನಡಿಗರಲ್ಲೂ ಅನೇಕರಿಗೆ ಗೊತ್ತಿರುವುದು ಹೆಸರು ಮಾತ್ರ.

ಕಥೆಯ ತಿರುಳು

ಪಾಡ್ದನದ ಕಥೆ ಸಂಕ್ಷೇಪವಾಗಿ ಹೀಗಿದೆ. ದೇಯಿ ಬೈದೆತಿ ಮದ್ದು ಬಲ್ಲ ಹೆಂಗಸು. ತುಂಬು ಬಸುರಿಯಾಗಿದ್ದಾಗಲೇ ಪಡುಮಲೆಯ ಬಲ್ಲಾಳನ ಕಾಲಿನ ಗಾಯವನ್ನು ವಾಸಿ ಮಾಡುತ್ತಾಳೆ. ಬಲ್ಲಾಳ ಉಪಕಾರ ಮರೆಯುವುದಿಲ್ಲವೆಂದು ಮಾತು ಕೊಡುತ್ತಾನೆ. ಅವಳ ಅವಳಿ ಮಕ್ಕಳೇ ಕೋಟಿ ಮತ್ತು ಚೆನ್ನಯ. ಮಕ್ಕಳು ಬೆಳೆದು ಗದ್ದೆ ಬೇಸಾಯಕ್ಕೆ ಇಳಿದಾಗ ಪಕ್ಕದ ಗದ್ದೆಯ ಬುದ್ಯಂತನೊಡನೆ ನೀರಿಗಾಗಿ ಜಗಳವಾಗುತ್ತದೆ. ಬುದ್ಯಂತ ಸಾಯುತ್ತಾನೆ. ತಾಯಿಗೆ ಕೊಟ್ಟ ಮಾತನ್ನು ಬಲ್ಲಾಳ ನಡೆಸಿಕೊಡುವುದಿಲ್ಲ. ಅಣ್ಣತಮ್ಮಂದಿರು ಪಡುಮಲೆ ಬಿಟ್ಟು ಪಂಜದ ಕಡೆ ಹೋಗುತ್ತಾರೆ, ಅಲ್ಲಿ ಮೋಸಕ್ಕೆ ಸಿಕ್ಕಿ ತಪ್ಪಿಸಿಕೊಂಡು ಎಣ್ಮೂರಿನ ಬಲ್ಲಾಳನ ಆಸರೆ ಪಡೆಯುತ್ತಾರೆ. ಕೊನೆಗೆ ಎಣ್ಮೂರಿನ ಪರವಾಗಿ ಕಾದಾಡಿ ಮಡಿದು ದೈವಗಳಾಗುತ್ತಾರೆ.

ಹೊಡೆದಾಟ ಈ ಕಥೆಯಲ್ಲಿ ಧಾರಾಳವಾಗಿದೆ. ಆದರೆ ಕಥೆ ನಿಂತಿರುವುದು ಹೊಡೆದಾಟದ ಮೇಲಲ್ಲ. ಗದ್ದೆ, ನೀರು ಮತ್ತು ಕೊಟ್ಟ ಮಾತು ಎಂಬ ಮೂರರ ಮೇಲೆ. ಬಿಲ್ಲವರ ಮನೆಯ ಮಕ್ಕಳು ಅಧಿಕಾರದಲ್ಲಿರುವವನನ್ನು ‘ನಮ್ಮ ಪಾಲು ಎಲ್ಲಿ?’ ಎಂದು ನೆಟ್ಟಗೆ ನಿಂತು ಕೇಳಿದ ಕಥೆ ಇದು.

ಹಾಡಿಗೆ ಮುಖವಿಲ್ಲ

ಪಾಡ್ದನ ಕಿವಿಯ ಮೂಲಕ ಉಳಿದು ಬಂದದ್ದು. ನೇಜಿ ನೆಡುವ ಹೆಂಗಸರು ಹಾಡಿದರು, ದೈವ ಕಟ್ಟುವವರು ಹಾಡಿದರು. ಕೇಳಿದವರು ತಮತಮಗೆ ತೋಚಿದ ಕೋಟಿಯನ್ನು, ತೋಚಿದ ಚೆನ್ನಯನನ್ನು ಕಂಡುಕೊಂಡರು. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಮ್ಯಾನರ್ ಪಾಡ್ದನಗಳನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದರು. ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನಗಳ ಇಂಗ್ಲಿಷ್ ಅನುವಾದ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಬಂತು. ಪಂಜೆ ಮಂಗೇಶರಾಯರು ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಅಲ್ಲಿಯವರೆಗೂ ಅದು ಅಕ್ಷರ ಮಾತ್ರ.

ಮುಖ ಕೊಟ್ಟದ್ದು ಮೊದಲು ಗರಡಿಯ ಮೂರ್ತಿಗಳು, ಆಮೇಲೆ ಯಕ್ಷಗಾನ. ತುಳು ಪ್ರಸಂಗಗಳು ಮೇಳಗಳಲ್ಲಿ ಜನಪ್ರಿಯವಾದಾಗ ಕೋಟಿ ಚೆನ್ನಯರ ವೇಷವನ್ನು ಬಿಲ್ಲವರೂ ಬಂಟರೂ ಬ್ರಾಹ್ಮಣರೂ ಹಾಕಿದರು. ಯಾರೂ ತಕರಾರು ಮಾಡಲಿಲ್ಲ. ಈಗ ಕಾರ್ಕಳದಲ್ಲಿ ಕೋಟಿ ಚೆನ್ನಯ ಥೀಮ್ ಪಾರ್ಕ್ ಇದೆ. ಮಕ್ಕಳು ಅಲ್ಲಿಯ ಮೂರ್ತಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಕಾರ್ಕಳ ಎಂದಾಗ ಅನಂತ ಪೈಯವರನ್ನು ನೆನೆಯಬೇಕು. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಮುಂಬಯಿ ಸೇರಿದ ಅವರು 1967ರಲ್ಲಿ ‘ಅಮರ ಚಿತ್ರ ಕಥೆ’ ಮಾಲೆಯನ್ನು ಆರಂಭಿಸಿ, 1980ರಲ್ಲಿ ‘ಟಿಂಕಲ್’ ತಂದರು. ದೇಶದ ಮಕ್ಕಳಿಗೆ ‘ಅಂಕಲ್ ಪೈ’ ಆದರು. ಪುರಾಣ, ಇತಿಹಾಸಗಳ ನೂರಾರು ವೀರರಿಗೆ ಆ ಪುಸ್ತಕಗಳು ಕೊಟ್ಟ ಮುಖಗಳು ಇವತ್ತಿಗೂ ಜನರ ಕಣ್ಣಲ್ಲಿವೆ. ಒಳ್ಳೆಯವರೆಲ್ಲ ಬಿಳಿ ಬಣ್ಣ, ಕೆಟ್ಟವರೆಲ್ಲ ಕಪ್ಪು ಬಣ್ಣ ಎಂಬಂತಾಯಿತೆಂಬ ಟೀಕೆಯೂ ಬಂತು. ಮುಖ ಕೊಡುವುದೆಂದರೆ ಒಂದು ಅಭಿಪ್ರಾಯ ಕೊಟ್ಟ ಹಾಗೆ ಎಂಬುದಕ್ಕೆ ಇಷ್ಟು ಸಾಕು.

ನಾಲ್ಕು ಚಿತ್ರಗಳು

ತುಳುವಿನ ಮೊದಲ ಚಿತ್ರ ‘ಎನ್ನ ತಂಗಡಿ’ ತೆರೆ ಕಂಡದ್ದು 1971ರಲ್ಲಿ. ಎರಡೇ ವರ್ಷಗಳಲ್ಲಿ, 1973ರಲ್ಲಿ, ಕಾದಂಬರಿಕಾರ ವಿಶುಕುಮಾರ್ ‘ಕೋಟಿ ಚೆನ್ನಯ’ ನಿರ್ದೇಶಿಸಿದರು. ಆಗಿನ್ನೂ ತುಳು ಚಿತ್ರಗಳಿಗೆ ಬಣ್ಣ ಬಂದಿರಲಿಲ್ಲ. ನಾಯಕರಾಗಿ ನಿಂತವರು ಸುಭಾಷ್ ಪಡಿವಾಳ್ ಮತ್ತು ವಾಮನರಾಜ್. ಕನ್ನಡದಲ್ಲಿ ಹೆಸರು ಮಾಡಿದ್ದ, ಜಿಲ್ಲೆಯವರೇ ಆದ ಕಲ್ಪನಾ ಕೂಡ ಅಭಿನಯಿಸಿದ್ದರು. ಮೂರು ದಶಕ ಕಳೆದ ಮೇಲೆ ಆನಂದ ಪಿ. ರಾಜು ಅದೇ ಕಥೆಯನ್ನು ಮತ್ತೆ ತೆಗೆದರು. 2006ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ತುಳು ಚಿತ್ರವೆನಿಸಿತು. 2019ರಲ್ಲಿ ಸೂರ್ಯೋದಯ ಪೆರಂಪಳ್ಳಿ ನಿರ್ದೇಶನದ ‘ದೇಯಿ ಬೈದೆತಿ’ ಬಂದು, ಅದೇ ಕಥೆಯನ್ನು ತಾಯಿಯ ಕಡೆಯಿಂದ ಹೇಳಿತು. ಅಲ್ಲಿಗೆ ವೀರರ ಕಥೆಯ ಬೇರು ಕತ್ತಿಯಲ್ಲಲ್ಲ, ಮದ್ದಿನ ಸೊಪ್ಪಿನಲ್ಲಿದೆ ಎಂಬುದು ಪ್ರೇಕ್ಷಕರಿಗೆ ನೆನಪಾಯಿತು.

ತುಳು ಚಿತ್ರದ ಮಾರುಕಟ್ಟೆ ಚಿಕ್ಕದು. ಎರಡು ಜಿಲ್ಲೆ, ಕಾಸರಗೋಡಿನ ಒಂದು ಭಾಗ, ಮುಂಬಯಿ ಮತ್ತು ಕೊಲ್ಲಿ ದೇಶಗಳ ತುಳುವರು, ಅಷ್ಟೇ. ಹೀಗಾಗಿ ದೊಡ್ಡ ಬಂಡವಾಳದವರು ಬಂದರೆ ಕಥೆ ಬೇರೆ ಭಾಷೆಗೆ ಹೋಗುತ್ತದೆ, ದೊಡ್ಡ ನಟನ ಕೈಗೆ ಹೋಗುತ್ತದೆ. ಆಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದೇ ನಿಜವಾದ ಚಿಂತೆ.

ಹೊರಗಿನ ಒಂದು ಉದಾಹರಣೆ

ಈ ಚಿಂತೆ ತುಳುನಾಡಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಕಾಮಿಕ್ಸ್ ವೀರರಲ್ಲಿ ಮೊದಲಿಗನಾದ ಸೂಪರ್‌ಮ್ಯಾನ್‌ನನ್ನು 1938ರಲ್ಲಿ ಜನರ ಮುಂದೆ ತಂದವರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯೆಹೂದಿ ತರುಣರು. ಆದರೆ ಅವರ ವೀರ ಯೆಹೂದಿಯಲ್ಲ. ಯೆಹೂದಿಯೆಂದೇ ಗುರುತಿರುವ ಕಾಮಿಕ್ಸ್ ವೀರರು ಕಡಿಮೆ. ಅವರಲ್ಲಿ ‘ಮೂನ್ ನೈಟ್’ ಒಬ್ಬ. 1975ರಲ್ಲಿ ಕಾಮಿಕ್ಸ್ ಪುಟಕ್ಕೆ ಬಂದ ಇವನ ನಿಜನಾಮ ಮಾರ್ಕ್ ಸ್ಪೆಕ್ಟರ್. ತಂದೆ ಯೆಹೂದಿ ಧರ್ಮಗುರು, ಅಂದರೆ ರಬ್ಬಿ. ಖೋನ್ಶು ಎಂಬ ಈಜಿಪ್ಟಿನ ಚಂದ್ರದೇವತೆ ಇವನ ಮೈಯಲ್ಲಿ ತನ್ನ ಶಕ್ತಿ ನಿಲ್ಲಿಸುತ್ತದೆ. ಮನುಷ್ಯನ ಮೈ, ದೈವದ ಕಸುವು! ತುಳುವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರಲ್ಲಿ ಈ ಕಥೆ ಆರು ಕಂತುಗಳ ಧಾರಾವಾಹಿಯಾಯಿತು. ಮುಖ್ಯ ಪಾತ್ರ ಗ್ವಾಟೆಮಾಲಾದಲ್ಲಿ ಹುಟ್ಟಿದ ನಟ ಆಸ್ಕರ್ ಐಸಾಕ್ ಅವರದು. ಯೆಹೂದಿ ವೀರನಿಗೆ ಯೆಹೂದಿ ನಟನೇ ಬೇಕಿತ್ತಲ್ಲವೇ ಎಂಬ ಚರ್ಚೆ ಎದ್ದಿತು. ಧಾರಾವಾಹಿ ಬಂದ ಮೇಲೆ ನಟನೆಗೆ ಮೆಚ್ಚುಗೆ ಸಿಕ್ಕಿತು, ಚರ್ಚೆಯ ದಿಕ್ಕು ಬದಲಾಯಿತು. ಪ್ರಮುಖ ನಿರ್ದೇಶಕ ಮೊಹಮದ್ ದಿಯಾಬ್ ಈಜಿಪ್ಟಿನವರು. ಹೀಗಾಗಿ ಕೈರೋ ಪಟ್ಟಣ ಸಹಜವಾಗಿ ಮೂಡಿತು. ಆದರೆ ನಾಯಕನ ಯೆಹೂದಿತನ ಕೊರಳಿನ ಒಂದು ಪದಕಕ್ಕೆ, ತಾಯಿಯ ಸೂತಕದ ಒಂದು ದೃಶ್ಯಕ್ಕೆ ಸೀಮಿತವಾಯಿತು. ತಂದೆ ರಬ್ಬಿ ಎಂಬ ಎಳೆ ಹಿಂದೆ ಸರಿಯಿತು ಎಂದು ಹಲವರು ಬೇಸರಪಟ್ಟರು. ಅಂದರೆ ಅವರು ಕೊನೆಗೆ ಕೇಳಿದ್ದು ನಟನ ಜಾತಕವನ್ನಲ್ಲ. ‘ನಮ್ಮ ಮನೆಯ ಸಂಗತಿ ಎಲ್ಲಿ ಹೋಯಿತು?’ ಎಂದು.

ಒಂದು ದೊಡ್ಡ ವ್ಯತ್ಯಾಸವನ್ನೂ ಗಮನಿಸಬೇಕು. ಖೋನ್ಶುವಿನ ಗುಡಿಗಳು ಪಾಳುಬಿದ್ದು ಎಷ್ಟೋ ಶತಮಾನಗಳಾದವು. ತೆರೆಯ ಮೇಲೆ ಅವನನ್ನು ಹೇಗೆ ತೋರಿಸಿದರೂ ನೋಯುವ ಭಕ್ತರಿಲ್ಲ. ಬೈದೆರ್ಲು ಹಾಗಲ್ಲ. ಸಿನಿಮಾ ನೋಡಿ ಬಂದವನು ಮರುವಾರ ಅದೇ ದೈವದ ಮುಂದೆ ಕೈಮುಗಿದು ನಿಲ್ಲಬೇಕು.

ಹುಲಿಯಿಂದ ಕಲಿಯುವ ಪಾಠ

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಉಡುಪಿಯ ವಿಟ್ಲಪಿಂಡಿಯಂದು ರಥಬೀದಿಯಲ್ಲಿ ಹುಲಿವೇಷ ಕುಣಿಯುತ್ತದೆ. ಬಣ್ಣ ಬಳಿದುಕೊಂಡವನ ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ. ಹರಕೆಯವರೂ ಇದ್ದಾರೆ, ಹವ್ಯಾಸದವರೂ ಇದ್ದಾರೆ. ಮಕ್ಕಳು ಹತ್ತಿರ ಹೋಗಿ ಮುಟ್ಟಿ ನೋಡುತ್ತಾರೆ. ಅಲ್ಲಿಂದ ತೆಂಕಣಕ್ಕೆ ಹದಿಮೂರು–ಹದಿನಾಲ್ಕು ಕಿಲೋಮೀಟರ್ ದೂರದ ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ಪಿಲಿಕೋಲ ನಡೆಯುತ್ತದೆ. ಅಲ್ಲೂ ಹುಲಿಯೇ, ಅಲ್ಲೂ ಬಣ್ಣವೇ. ಆದರೆ ಕಟ್ಟುವವನು ಹಕ್ಕು ಇರುವವನೇ ಆಗಬೇಕು, ಕಟ್ಟುಕಟ್ಟಳೆ ಪಾಲಿಸಬೇಕು. ಆ ಹುಲಿ ಮುಟ್ಟಿದರೆ ಕೇಡು ಎಂದು ಜನ ಓಡುತ್ತಾರೆ. ಮೊದಲನೆಯದು ವೇಷ, ಎರಡನೆಯದು ಕೋಲ. ಎರಡರ ನಡುವಣ ಅಂತರ ಈ ನೆಲದ ಮಕ್ಕಳಿಗೂ ತಿಳಿದಿದೆ.

ಸಿನಿಮಾ ವೇಷದ ಕಡೆಗೆ ಸೇರಿದ್ದು. ಯಕ್ಷಗಾನದವರು ಕೋಟಿ ಚೆನ್ನಯರನ್ನು ರಂಗಕ್ಕೆ ತಂದಾಗ ಯಕ್ಷಗಾನದ ಉಡುಗೆಯನ್ನೇ ತೊಡಿಸಿದರು. ಅಣಿ, ಗಗ್ಗರಗಳನ್ನು ಎರವಲು ತರಲಿಲ್ಲ. ಮನುಷ್ಯರಾಗಿದ್ದ ಕಾಲದ ಕೋಟಿ ಚೆನ್ನಯರನ್ನು ಯಾವ ಜಾತಿಯ ನಟನೂ ಆಡಬಹುದು. ದೈವವಾದ ಮೇಲಿನ ಆವೇಶವನ್ನು ಆಡುವುದು ಬೇರೆ ಮಾತು.

2022ರ ಸೆಪ್ಟೆಂಬರ್ 30ರಂದು ತೆರೆ ಕಂಡ ‘ಕಾಂತಾರ’ ಈ ಗೆರೆಯ ಮೇಲೆಯೇ ನಡೆಯಿತು. ಕುಂದಾಪುರ ಕಡೆಯ ಕೆರಾಡಿಯವರಾದ ರಿಷಬ್ ಶೆಟ್ಟಿ ಪಂಜುರ್ಲಿ, ಗುಳಿಗರ ಕೋಲವನ್ನು ತಾವೇ ಅಭಿನಯಿಸಿದರು. ಆ ದೃಶ್ಯಗಳಿಗಾಗಿ ಮಾಂಸಾಹಾರ ಬಿಟ್ಟಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ತುಳುವರ ದೈವದ ಕಥೆ ಮೊದಲು ಕನ್ನಡದಲ್ಲಿ ಬಂದು, ಆಮೇಲೆ ತುಳುವಿಗೆ ಡಬ್ ಆದದ್ದು ಮಾರುಕಟ್ಟೆಯ ಲೆಕ್ಕ. 2025ರ ಅಕ್ಟೋಬರಿನಲ್ಲಿ ಅದರ ಹಿಂದಿನ ಕಥೆ ಹೇಳುವ ‘ಕಾಂತಾರ ಅಧ್ಯಾಯ 1’ ಬಂದಾಗ ಕೆಲವರು ದೈವದ ವೇಷ ತೊಟ್ಟು ಚಿತ್ರಮಂದಿರಕ್ಕೇ ಬಂದರು. ಹೀಗೆ ಮಾಡಬೇಡಿ ಎಂದು ನಿರ್ಮಾಪಕರೇ ಮನವಿ ಮಾಡಬೇಕಾಯಿತು. ತೆರೆಯ ಮೇಲೆ ಸಂಯಮವಿದ್ದರೂ ತೆರೆಯ ಕೆಳಗೆ ಅದು ತಪ್ಪಬಹುದು ಎಂಬುದಕ್ಕೆ ಇದು ಸಾಕ್ಷಿ. ಪರವ, ಪಂಬದ, ನಲಿಕೆ ಸಮುದಾಯಗಳವರು ತಲೆತಲಾಂತರದಿಂದ ಹೊತ್ತ ಸೇವೆ, ಅದರ ಹಿಂದಿನ ಬಡತನ, ಅವಮಾನಗಳೊಂದಿಗೆ, ಬೇರೆಯವರಿಗೆ ಒಂದು ಸಂಜೆಯ ಮೋಜಾಗಬಾರದಲ್ಲವೇ?

ಆರಿಸುವ ಮೊದಲು

ನಾಳೆ ಯಾರಾದರೂ ಕೋಟಿ ಚೆನ್ನಯರನ್ನು ದೊಡ್ಡ ತೆರೆಗೆ ತರಬಹುದು. ಮಣಿಪಾಲದಲ್ಲಿ ಕ್ಯಾಮೆರಾ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರಲ್ಲೇ ಒಬ್ಬರು ತರಬಹುದು. ಅಂಥವರು ನಟನನ್ನು ಆರಿಸುವ ಮೊದಲು ತೀರ್ಮಾನಿಸಬೇಕಾದ ಸಂಗತಿಗಳು ಕೆಲವಿವೆ.

ಒಂದು, ಇವರು ಇಬ್ಬರು. ಕೋಟಿ ತಾಳ್ಮೆಯವನು, ಚೆನ್ನಯ ಮುಂಗೋಪಿ. ಒಬ್ಬನ ಮಾತು ಇನ್ನೊಬ್ಬನನ್ನು ತಡೆಯುತ್ತದೆ, ಕೆಣಕುತ್ತದೆ. ಒಬ್ಬ ದೊಡ್ಡ ನಟ, ಪಕ್ಕದಲ್ಲಿ ಒಬ್ಬ ಸಹನಟ ಎಂದರೆ ಕಥೆಯ ಅರ್ಧ ಸತ್ತ ಹಾಗೆ. ಒಬ್ಬನೇ ನಟ ಎರಡು ಪಾತ್ರ ಮಾಡಿದರೆ ಕ್ಯಾಮೆರಾದ ಚಮತ್ಕಾರ ಕಂಡೀತು, ಅಣ್ಣತಮ್ಮಂದಿರು ಕಾಣಲಾರರು.

ಎರಡು, ಭಾಷೆ. ಪಾಡ್ದನದ ತುಳು ಪೇಟೆಯ ತುಳುವಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿದೆ, ಯು.ಪಿ. ಉಪಾಧ್ಯಾಯರು ಅದರ ಸಂಪಾದಕರು. ಗದ್ದೆಯ, ಗರಡಿಯ, ಮದ್ದಿನ ಮಾತು ಬೇಕಾದವರು ಅದನ್ನು ತೆರೆದರೆ ಸಾಕು. ಚಿತ್ರ ಯಾವ ಭಾಷೆಯದೇ ಇರಲಿ, ಆ ಮಾತುಗಳಲ್ಲಿ ಕೆಲವಾದರೂ ಹಾಗೆಯೇ ಉಳಿಯಬೇಕು.

ಮೂರು, ನ್ಯಾಯ. ಪಾಡ್ದನ ಬಲ್ಲಾಳರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಪಡುಮಲೆಯ ಬಲ್ಲಾಳ ಮಾತಿಗೆ ತಪ್ಪಿದ, ಎಣ್ಮೂರಿನ ಬಲ್ಲಾಳ ಆಸರೆ ಕೊಟ್ಟ. ಎದುರಾಳಿಗಳನ್ನು ಸಾರಾಸಗಟಾಗಿ ರಾಕ್ಷಸರನ್ನಾಗಿ ಮಾಡಿದರೆ ಊರಿನಲ್ಲಿ ಜಗಳ ಹುಟ್ಟುತ್ತದೆ. ಯಾರಿಗೂ ನೋವಾಗಬಾರದೆಂದು ಜಾತಿಯ ಮಾತು, ಗದ್ದೆಯ ಮಾತು ಎರಡನ್ನೂ ಕಿತ್ತುಹಾಕಿದರೆ ಉಳಿಯುವುದು ಕತ್ತಿ ಬೀಸುವ ಇಬ್ಬರು ಗಟ್ಟಿಗರು ಮಾತ್ರ. ಅಂಥವರು ಎಲ್ಲ ದೇಶದ ಸಿನಿಮಾದಲ್ಲೂ ಇದ್ದಾರೆ, ಅದಕ್ಕೆ ಪಡುಮಲೆಯವರೆಗೆ ಬರಬೇಕಾಗಿಲ್ಲ.

ನಾಲ್ಕು, ಕೇಳಿ ಮಾಡುವುದು. ಗರಡಿಯ ಹಿರಿಯರನ್ನು, ಪಾಡ್ದನ ಬಲ್ಲ ಅಜ್ಜಿಯಂದಿರನ್ನು, ದೈವ ಕಟ್ಟುವವರನ್ನು ಚಿತ್ರಕಥೆ ಬರೆಯುವಾಗಲೇ ಕೂರಿಸಿಕೊಂಡು ಕೇಳಬೇಕು. ಚಿತ್ರ ಮುಗಿದ ಮೇಲೆ ಕ್ಷಮೆ ಕೇಳುವುದಕ್ಕಿಂತ ಅದು ಸುಲಭ, ಖರ್ಚೂ ಕಡಿಮೆ. ಅವರು ಬೇಡವೆಂದದ್ದನ್ನು ಬಿಟ್ಟರೂ ಕಥೆಗೆ ಕೊರತೆಯಾಗದು. ದೇಯಿಯ ಮದ್ದಿನಿಂದ ಎಣ್ಮೂರಿನ ಕಾಳಗದವರೆಗೆ ಮನುಷ್ಯರ ಸಂಗತಿಯೇ ಬೇಕಾದಷ್ಟಿದೆ.

ಈ ನಾಲ್ಕು ಸಂಗತಿ ತೀರ್ಮಾನವಾದರೆ ಪಾತ್ರಕ್ಕೆ ಯಾರು ಎಂಬ ಪ್ರಶ್ನೆ ತಾನಾಗಿ ಹಗುರಾಗುತ್ತದೆ. ಗದ್ದೆಯ ಹುಣಿಯ ಮೇಲೆ ನಿಂತು ‘ನೀರು ಬಿಡು’ ಎಂದು ಕೇಳುವಾಗ ದನಿ ನಡುಗದ ಒಬ್ಬ, ಅವನ ತೋಳು ಹಿಡಿದು ‘ತಾಳು’ ಎನ್ನಬಲ್ಲ ಇನ್ನೊಬ್ಬ. ಅಂಥ ಇಬ್ಬರು ಸಿಕ್ಕರೆ ಅವರ ಊರು, ಕುಲ ಯಾವುದೆಂದು ಗರಡಿಯ ಮುಂದೆ ಕೈಮುಗಿಯುವವರೂ ಕೇಳಲಾರರು.