ಓರೆಯಾದ ಬೆನ್ನು, ಬರೆಯದ ವೆಚ್ಚ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ನಾನು ವೈದ್ಯನಲ್ಲ, ಕೇಂದ್ರ ಸರಕಾರದ ಲೆಕ್ಕಪತ್ರಗಳ ನಡುವೆ ಮೂರು ದಶಕ ಕಳೆದವನು. ಶಾಲಾಮಕ್ಕಳ ಬೆನ್ನುಮೂಳೆಯ ತಪಾಸಣೆಯನ್ನು ಕಡ್ಡಾಯಗೊಳಿಸಬೇಕೆಂಬ ಮಾತು ಬಂದಾಗ ನನ್ನಲ್ಲಿ ಮೊದಲು ಏಳುವ ಪ್ರಶ್ನೆ, ಅದರ ವೆಚ್ಚವನ್ನು ಭರಿಸುವವರು ಯಾರು ಎಂಬುದೇ. ಈ ಪ್ರಶ್ನೆ ನಿರ್ದಯವೆಂದು ತೋರಬಹುದು. ಆದರೆ ಈ ವಿಷಯದಲ್ಲಿ ನಾನು ತಟಸ್ಥನೂ ಅಲ್ಲ.

ಅಕ್ಕಲಕೋಟೆಯ ಕಡೆ ಇರುವ ನನ್ನ ಅಕ್ಕನ ಮಗಳ ಬೆನ್ನು ಓರೆಯಾಗಿದೆಯೆಂದು ಮೊದಲು ಕಂಡವಳು ಸಮವಸ್ತ್ರ ಹೊಲಿಯುವ ಹೆಂಗಸು. "ಅಕ್ಕಾರ, ಅಳತಿ ತಪ್ಪಿಲ್ರಿ, ಹುಡುಗಿ ಹೆಗಲಾ ಒಂದ್ ಕಡಿ ಇಳದೈತಿ" ಎಂದಳಂತೆ. ಆಗ ಹುಡುಗಿಗೆ ಹದಿನಾಲ್ಕು. ಶಾಲೆಗೆ ವೈದ್ಯರು ಪ್ರತಿವರ್ಷ ಬಂದಿದ್ದರು; ಎತ್ತರ, ತೂಕ, ಕಣ್ಣು, ಹಲ್ಲು ಎಲ್ಲವೂ ಕಾರ್ಡಿನಲ್ಲಿ ದಾಖಲಾಗಿದ್ದವು. ಬೆನ್ನಿಗೆ ಮಾತ್ರ ಅಂಕಣವಿರಲಿಲ್ಲ. ಪುಣೆಗೆ ಕರೆತಂದು ಕ್ಷ-ಕಿರಣ ಚಿತ್ರ ತೆಗೆಸುವ ಹೊತ್ತಿಗೆ ಬಾಗು 50 ಡಿಗ್ರಿ ದಾಟಿತ್ತು. ಬ್ರೇಸ್ ಕಟ್ಟುವ ಕಾಲ ಮೀರಿ, ಶಸ್ತ್ರಚಿಕಿತ್ಸೆಯೊಂದೇ ಉಳಿದಿತ್ತು. ಅಕ್ಕ ಹೊಲ ಮಾರಿದಳು.

ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಇದು ಗೂನಲ್ಲ; ಬೆನ್ನುಮೂಳೆ ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವುದು. 10 ಡಿಗ್ರಿಗಿಂತ ಹೆಚ್ಚಿನ ಬಾಗು ನೂರು ಹದಿಹರೆಯದವರಲ್ಲಿ ಎರಡು ಮೂರು ಮಂದಿಗೆ ಇರುತ್ತದೆ. ಅವರಲ್ಲಿಯೂ ಹೆಚ್ಚಿನವರಿಗೆ ಚಿಕಿತ್ಸೆ ಬೇಕಾಗುವುದಿಲ್ಲ. ಬಾಗು ಬೆಳೆಯುತ್ತ ಹೋಗುವುದು ಹೆಚ್ಚಾಗಿ ಹುಡುಗಿಯರಲ್ಲಿ. ಕಾರಣ ಬಹುಮಟ್ಟಿಗೆ ಅಜ್ಞಾತ. ಪುಸ್ತಕದ ಚೀಲವೇ ಕಾರಣವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. 2015ರಲ್ಲಿ ಮಹಾರಾಷ್ಟ್ರ ಸರಕಾರ ಚೀಲದ ಭಾರವನ್ನು ಮಗುವಿನ ತೂಕದ ಶೇ. 10ಕ್ಕೆ ಮಿತಗೊಳಿಸಿದ್ದು ಒಳ್ಳೆಯದೇ, ಬೆನ್ನುನೋವಾದರೂ ತಗ್ಗೀತು. ಆದರೆ ಈ ಬಾಗಿಗೂ ಚೀಲಕ್ಕೂ ಸಂಬಂಧವಿಲ್ಲ.

ತಪಾಸಣೆಯೇನೋ ಅಗ್ಗ. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಆಡಮ್ಸ್ ವಿವರಿಸಿದಂತೆ ಮಗುವನ್ನು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿದರಾಯಿತು. ಅರ್ಧ ನಿಮಿಷದ ಕೆಲಸ. ಲೆಕ್ಕ ತಪ್ಪುವುದು ಇಲ್ಲಿಯೇ. ಅಮೆರಿಕದ ರೋಚೆಸ್ಟರ್ ನಗರದ 2,242 ಮಕ್ಕಳ ವಿವರ 1999ರಲ್ಲಿ ಪ್ರಕಟವಾಯಿತು. ಶಾಲೆಯ ತಪಾಸಣೆಯಿಂದ ಮುಂದಿನ ಪರೀಕ್ಷೆಗೆ ಕಳುಹಿಸಲ್ಪಟ್ಟವರು 92 ಮಕ್ಕಳು. ಅವರಲ್ಲಿ ಕೊನೆಗೆ ಚಿಕಿತ್ಸೆ ಪಡೆದವರು ಐವರು. ಅಂದರೆ ಒಂದು ಮಗುವಿಗಾಗಿ 448 ಮಕ್ಕಳನ್ನು ಬಗ್ಗಿಸಿ ನೋಡಬೇಕಾಯಿತು. ಇದೇ ಪ್ರಮಾಣ ಅಕ್ಕಲಕೋಟೆಯಲ್ಲಿ ಬಂದಿತೆಂದು ಊಹಿಸಿ. ಆ ಉಳಿದ ಮಕ್ಕಳನ್ನು ಸೊಲ್ಲಾಪುರಕ್ಕೆ ಕರೆದೊಯ್ಯುವ ಬಸ್ಸಿನ ಖರ್ಚು, ತಂದೆಯ ದಿನಗೂಲಿ, ಚಿತ್ರದ ಶುಲ್ಕ ಯಾವ ಕಡತದಲ್ಲಿಯೂ ಕಾಣಿಸುವುದಿಲ್ಲ. ಹುಡುಗಿಯ ಹೆಸರು ಒಮ್ಮೆ ಪಟ್ಟಿಗೆ ಸೇರಿತೆಂದರೆ ವಧುಪರೀಕ್ಷೆಯವರೆಗೂ ಊರು ಅದನ್ನು ಮರೆಯುವುದಿಲ್ಲ. ಇದಕ್ಕೆ ಯಾವ ದರ ಹಾಕೋಣ?

ಲೋಕದ ಅಭಿಪ್ರಾಯವೂ ಒಂದಾಗಿಲ್ಲ. ಜಪಾನು 1970ರ ದಶಕದ ಕೊನೆಯಲ್ಲಿಯೇ ಇದನ್ನು ಶಾಲಾ ಆರೋಗ್ಯದ ಕಾನೂನಿಗೆ ಸೇರಿಸಿತು. ಅಮೆರಿಕದ ರೋಗತಡೆ ಸಲಹಾ ಮಂಡಳಿ 2004ರಲ್ಲಿ ಬೇಡವೆಂದಿತು. 2018ರಲ್ಲಿ ಬೇಕೆನ್ನಲೂ ಬೇಡವೆನ್ನಲೂ ಸಾಕ್ಷ್ಯ ಸಾಲದೆಂದಿತು. ನಡುವೆ 2013ರ ಒಂದು ಅಧ್ಯಯನ ಬ್ರೇಸ್ ಫಲಕಾರಿಯೆಂದು ತೋರಿಸಿತ್ತು: ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದವರು ಬ್ರೇಸ್ ಧರಿಸಿದವರಲ್ಲಿ ಶೇ. 72, ಧರಿಸದವರಲ್ಲಿ ಶೇ. 48. ಆದರೆ ಅದನ್ನು ದಿನಕ್ಕೆ ಹದಿಮೂರು ತಾಸಾದರೂ ಧರಿಸಿದವರಿಗೇ ಹೆಚ್ಚು ಫಲ. ಸೊಲ್ಲಾಪುರದ ಮೇ ತಿಂಗಳ ಬಿಸಿಲಿನಲ್ಲಿ, ಗಟ್ಟಿ ಪ್ಲಾಸ್ಟಿಕ್ಕಿನ ಆ ಕವಚದೊಳಗೆ ಹನ್ನೆರಡರ ಹುಡುಗಿಯೊಬ್ಬಳನ್ನು ನೆನೆದುಕೊಳ್ಳಿ. ಅವಳು ಬೆಳೆದಂತೆ ಅದನ್ನು ಬದಲಿಸಬೇಕು. ಪ್ರತಿಸಲವೂ ಹೊಸ ಖರ್ಚು.

ನಮ್ಮಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. 2013ರ ಫೆಬ್ರವರಿಯಲ್ಲಿ ಅದು ಆರಂಭವಾದದ್ದು ಇದೇ ಮಹಾರಾಷ್ಟ್ರದ ಪಾಲಘರದಲ್ಲಿ. ಇಬ್ಬರು ವೈದ್ಯರು, ಅವರಲ್ಲೊಬ್ಬರು ಮಹಿಳೆ, ಇರಬೇಕಾದ ಸಂಚಾರಿ ತಂಡ ಸರಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಹೋಗಬೇಕು. ಅದರ ತೊಂದರೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ರಕ್ತಹೀನತೆಯಿದೆ, ಹುಳುಕು ಹಲ್ಲಿದೆ, ಸೊಟ್ಟಪಾದವಿದೆ, ಸ್ಕೋಲಿಯೋಸಿಸ್ ಇಲ್ಲ. ರಕ್ತಹೀನತೆ ತುಂಬಿದ ನಾಡಿನಲ್ಲಿ ಪಟ್ಟಿ ಮಾಡಿದವರನ್ನು ನಾನು ದೂರಲಾರೆ.

ಅಕ್ಕ ಮಾತ್ರ ಈ ಮಾತನ್ನು ಒಪ್ಪುವುದಿಲ್ಲ. "ನಿನ್ನ ಲೆಕ್ಕದಾಗ ನನ್ನ ಹೊಲ ಎಲ್ಲೈತೋ ತಮ್ಮಾ?" ಎಂದು ಕೇಳಿದಳು. ನಾನು ನಿರುತ್ತರನಾದೆ. ತಡವಾಗಿ ಕಂಡದ್ದರ ವೆಚ್ಚವೂ ಸರಕಾರದ ಪುಸ್ತಕಕ್ಕೆ ಬಾರದ ವೆಚ್ಚವೇ ಸರಿ.

ಆದ್ದರಿಂದ ನಾನು ಕೇಳುವುದು ಕಡ್ಡಾಯದ ಕಾನೂನನ್ನಲ್ಲ. ಚಿತ್ರಕ್ಕೂ ಬ್ರೇಸಿಗೂ ಹಣ ತೆಗೆದಿರಿಸದ ಕಡ್ಡಾಯವು ಬಡವನ ಮೇಲೆ ಹೇರಿದ ತೆರಿಗೆ. ಈಗಿರುವ ತಂಡವೇ ಒಂದೆರಡು ಜಿಲ್ಲೆಗಳಲ್ಲಿ, ಐದರಿಂದ ಎಂಟನೆಯ ತರಗತಿಯ ಹುಡುಗಿಯರ ಬೆನ್ನನ್ನು ಮಹಿಳಾ ವೈದ್ಯರ ಕೈಯಲ್ಲಿ, ಮುಚ್ಚಿದ ಕೋಣೆಯಲ್ಲಿ ನೋಡಿಸಲಿ. ಅನುಮಾನ ಬಂದವರ ಪ್ರಯಾಣ, ಚಿತ್ರ, ಬ್ರೇಸ್ ಮೂರನ್ನೂ ಸರಕಾರವೇ ಭರಿಸಲಿ. ಮೂರು ವರ್ಷ ಲೆಕ್ಕವಿಟ್ಟು, ಆ ಲೆಕ್ಕವನ್ನು ಜನರ ಮುಂದಿಡಲಿ. ಸಭೆಯಲ್ಲಿ ವೈದ್ಯಮಿತ್ರರಿದ್ದಾರೆ, ನನ್ನ ಮಾತಿನಲ್ಲಿ ತಪ್ಪಿದ್ದರೆ ಅವರು ತಿದ್ದಬೇಕೆಂದು ವಿನಂತಿ.