ಆವೇಶದ ಕೊಲೆಯೂ ಅಪರಾಧಿಯ ಚಿತ್ತವೂ



‘ಆ ಹೊತ್ತಿನಲ್ಲಿ ಅವನಿಗೆ ಬುದ್ಧಿಯೇ ಇರಲಿಲ್ಲ.’ ಪತ್ನಿಯನ್ನೋ ಸಹೋದರಿಯನ್ನೋ ಕೊಂದವನ ಪರವಾಗಿ ಬಂಧುಗಳು ಮೊದಲಿಗೆ ಆಡುವ ಮಾತಿದು. ಇದನ್ನು ನ್ಯಾಯಾಲಯವೂ ಮನೋವೈದ್ಯರೂ ಹೇಗೆ ತೂಗುತ್ತಾರೆಂಬುದನ್ನು ತಮ್ಮ ಮುಂದಿಡಬಯಸುತ್ತೇನೆ.

1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿಗೆ, ಪ್ರೇಮ್ ಅಹುಜಾ ಜೊತೆಗಿನ ತನ್ನ ಸಂಬಂಧವನ್ನು ಪತ್ನಿ ತಿಳಿಸಿದರು. ಆತ ಪತ್ನಿ ಮಕ್ಕಳನ್ನು ಚಿತ್ರಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ, ಸುಳ್ಳು ಕಾರಣ ಹೇಳಿ ರಿವಾಲ್ವರ್ ಮತ್ತು 6 ಗುಂಡುಗಳನ್ನು ಪಡೆದ. ಅಹುಜಾ ಕಚೇರಿಯಲ್ಲಿಲ್ಲವೆಂದು ತಿಳಿದು ಮನೆಗೇ ಹೋಗಿ ಕೊಂದ. ಜ್ಯೂರಿ 8-1ರ ಬಹುಮತದಿಂದ ನಿರ್ದೋಷಿ ಎಂದಿತು. ‘ಬ್ಲಿಟ್ಜ್’ ವಾರಪತ್ರಿಕೆಯಂತೂ ಆತನನ್ನು ವೀರನನ್ನಾಗಿಸಿತು. ಪತ್ರಕರ್ತರಾದ ನಾವು ಮರೆಯಬಾರದ ಸಂಗತಿ! ಆದರೆ ಹೈಕೋರ್ಟ್ ವಿಧಿಸಿದ ಜೀವಾವಧಿ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಪತ್ನಿಯ ಮಾತಿಗೂ ಗುಂಡಿನ ಸದ್ದಿಗೂ ನಡುವೆ ಸುಮಾರು 3 ತಾಸುಗಳಿದ್ದವು. ಮನಸ್ಸು ಹತೋಟಿಗೆ ಬರಲು ಅಷ್ಟು ಸಾಕೆಂದು ನ್ಯಾಯಾಲಯ ಹೇಳಿತು. 1964ರಲ್ಲಿ ಆತನಿಗೆ ಕ್ಷಮಾದಾನ ದೊರೆಯಿತು, ಅದು ಬೇರೆ ಕಥೆ.

ಗಂಭೀರವೂ ಹಠಾತ್ತೂ ಆದ ಪ್ರಚೋದನೆಯಿಂದ ಹತೋಟಿ ತಪ್ಪಿ ಕೊಂದರೆ ಅಪರಾಧದ ತೀವ್ರತೆ ತಗ್ಗುತ್ತದೆ, ಅಳಿಯುವುದಿಲ್ಲ. ಚಿತ್ತವಿಕಲತೆಯ ವಿನಾಯಿತಿ ಇದಕ್ಕಿಂತ ಭಿನ್ನ. ದಂಡ ಸಂಹಿತೆಯ 84ನೇ ಕಲಮಿನಲ್ಲಿದ್ದ ಅದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಲ್ಲಿದೆ. ತಾನೇನು ಮಾಡುತ್ತಿದ್ದೇನೆಂಬುದಾಗಲಿ, ಅದು ತಪ್ಪೆಂಬುದಾಗಲಿ ರೋಗದ ನಿಮಿತ್ತ ಅರಿಯಲಾಗದವನಿಗೆ ಮಾತ್ರ ಅದು ಅನ್ವಯ. ಕೋಪ ರೋಗವಲ್ಲ.

ವೈದ್ಯರ ಕಷ್ಟವೇನೆಂದರೆ, ಅವರು ನೋಡುವುದು ಕೃತ್ಯ ನಡೆದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಹೀಗಾಗಿ ಹಳೆಯ ಚಿಕಿತ್ಸೆಯ ಕಾಗದಪತ್ರ, ನೆರೆಹೊರೆಯವರ ಹೇಳಿಕೆ, ಸೆರೆಮನೆಯ ದಾಖಲೆ ಎಲ್ಲವನ್ನೂ ಕೆದಕುತ್ತಾರೆ. ಆಯುಧ ಮೊದಲೇ ತಂದದ್ದೋ? ರಕ್ತದ ಬಟ್ಟೆ ಬಚ್ಚಿಟ್ಟನೋ? ಸಂಶಯಪಿಶಾಚಿ ಎಂದು ನಾವು ಜರೆಯುವವನಲ್ಲಿ ಕೆಲವೊಮ್ಮೆ ನಿಜವಾದ ರೋಗವೇ ಇರುತ್ತದೆ. ಪತ್ನಿ ದ್ರೋಹಿ ಎಂಬ ಭ್ರಮೆ, ಯಾವ ಪುರಾವೆಗೂ ಕದಲದು. ಆದರೆ ಅಂತಹ ರೋಗಿಗೂ ವಿನಾಯಿತಿ ತಾನಾಗಿ ಸಿಗದು. ಕೃತ್ಯದ ಹಿಂದಿನ, ಆ ಹೊತ್ತಿನ, ಮುಂದಿನ ನಡವಳಿಕೆಯನ್ನು ನೋಡಬೇಕೆಂದು ಪತ್ನಿಯನ್ನು ಕೊಂದವನೊಬ್ಬನ ಪ್ರಕರಣದಲ್ಲಿ 1964ರಲ್ಲೇ ಸುಪ್ರೀಂ ಕೋರ್ಟ್ ಹೇಳಿ, ಅವನ ವಾದವನ್ನು ತಳ್ಳಿಹಾಕಿತು. ವೈದ್ಯರದು ಅಭಿಪ್ರಾಯ, ತೀರ್ಮಾನ ನ್ಯಾಯಾಧೀಶರದು.

ನನ್ನನ್ನು ಕಾಡುವುದು ನಮ್ಮ ಮನೆಗಳ ವಿಚಾರ. ‘ರಾತ್ರಿಯೆಲ್ಲ ನಿದ್ರಿಸದೆ ನನ್ನನ್ನೇ ವಿಚಾರಿಸುತ್ತಾರೆ’ ಎಂದು ಹೇಳಿಕೊಂಡ ಮಗಳಿಗೆ ‘ಸಬರ್ ಮಾಡು’ ಎಂದು ಕಳುಹಿಸುತ್ತೇವೆ. ಮದುವೆಯ ಮಾತುಕತೆ ಕೆಟ್ಟೀತೆಂದು ಹುಡುಗನ ಚಿಕಿತ್ಸೆಯ ಚೀಟಿ ಹರಿಯುತ್ತೇವೆ. ಕೊಲೆಯಾದ ಮೇಲೆ ಅದೇ ಚೀಟಿಗಾಗಿ ಓಡಾಟ. ಚಿತ್ತವಿಕಲನೆಂದು ಖುಲಾಸೆಯಾದವನನ್ನೂ ಕಾನೂನು ಸುಮ್ಮನೆ ಬಿಟ್ಟುಬಿಡುವುದಿಲ್ಲ. ಸುರಕ್ಷಿತ ಸುಪರ್ದಿನಲ್ಲಿಡುತ್ತದೆ, ಇಲ್ಲವೇ ಆತ ಯಾರಿಗೂ ಹಾನಿ ಮಾಡದಂತೆ ನೋಡಿಕೊಳ್ಳುವೆವೆಂದು ಭದ್ರತೆ ಪಡೆದು ಬಂಧುಗಳಿಗೆ ಒಪ್ಪಿಸುತ್ತದೆ. ಅದಕ್ಕೆ ಸಹಿ ಹಾಕಬೇಕಾದವರು ನಾವೇ.